ಪಂಕ್ತಿ ಮತ್ತು ನ್ಯಾಯ: ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದ ವಿದ್ಯಾರ್ಥಿಗಳು ಮತ್ತು ಧರ್ಮಪ್ರೇರಿತ ಸಮಾಜಸೇವೆ

ವಿದ್ಯಾರ್ಥಿ ಚಳವಳಿಗಳ ಚರಿತ್ರೆಯಲ್ಲಿ ಮೆರವಣಿಗೆ, ಮುಷ್ಕರ, ಸೆರೆವಾಸಗಳಿಗೆ ದೊರೆತ ಸ್ಥಾನ ಊಟದ ಪಂಕ್ತಿಗೆ ದೊರೆತಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಹೊರಟ ಹುಡುಗನೊಬ್ಬನಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಯಾವ ವಿಷಯ ಓದಬೇಕೆಂಬುದಲ್ಲ. ಎಲ್ಲಿ ಉಳಿಯಬೇಕು, ಯಾರ ಮನೆಯಲ್ಲಿ ಉಣ್ಣಬೇಕು ಎಂಬುದಾಗಿತ್ತು. ಈ ಪ್ರಶ್ನೆಗೆ ಸರಕಾರಕ್ಕಿಂತ ಮೊದಲು ಉತ್ತರ ಕೊಟ್ಟವು ಧರ್ಮಸಂಸ್ಥೆಗಳು. ಮಠಗಳ ಪ್ರಸಾದ ನಿಲಯ, ಜೈನ ಬೋರ್ಡಿಂಗ್, ಲಿಂಗಾಯತ ವಸತಿಗೃಹ, ಮಿಷನ್ ಶಾಲೆ ಇವೆಲ್ಲ ಒಂದೊಂದು ಧರ್ಮಶ್ರದ್ಧೆಯಿಂದ ಹುಟ್ಟಿದವು. ಅವು ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನ ಮತ್ತು ಅಕ್ಷರಗಳನ್ನು ನೀಡಿದವು ಎಂಬುದನ್ನು ನಮ್ಮ ಅಭಿನಂದನ ಗ್ರಂಥಗಳೂ ಸಂಸ್ಮರಣ ಸಂಪುಟಗಳೂ ಕೃತಜ್ಞತೆಯಿಂದ ದಾಖಲಿಸಿವೆ. ಆದರೆ ಆ ಪಂಕ್ತಿಯಲ್ಲಿ ಯಾರು ಕುಳಿತರು, ಯಾರು ಹೊರಗೆ ಉಳಿದರು, ಒಳಗೆ ಕುಳಿತವರಲ್ಲಿ ಯಾರು ಹೊರಗಿನವರಿಗಾಗಿ ಎದ್ದು ನಿಂತರು ಎಂಬ ವಿಚಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನೂ ಅವುಗಳ ನೆರೆಯ ವಿದ್ಯಾಕೇಂದ್ರಗಳನ್ನೂ ಕೇಂದ್ರವಾಗಿಟ್ಟುಕೊಂಡು ಈ ವಿಚಾರವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪರಿಸರ

ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಹರಿಯುವ ಈ ಪ್ರದೇಶವು ಹಲವು ಧರ್ಮಪರಂಪರೆಗಳ ಕೂಡುನೆಲವಾಗಿದೆ. ಗೋಕಾಕದ ಶೂನ್ಯಸಂಪಾದನ ಮಠ, ಅರಭಾವಿ ಮತ್ತು ನಿಡಸೋಸಿಯ ದುರದುಂಡೀಶ್ವರ ಮಠಗಳು, ಹುಕ್ಕೇರಿಯ ಹಿರೇಮಠ ಇವು ವೀರಶೈವ-ಲಿಂಗಾಯತ ಪರಂಪರೆಯ ಕೇಂದ್ರಗಳು. ಮೂಡಲಗಿಯ ಶಿವಬೋಧರಂಗ ಮಠದ ಹೆಸರಿನಲ್ಲಿಯೇ ಶಿವನೂ ರಂಗನೂ ಕೂಡಿದ್ದಾರೆ. ಗೋಕಾಕ ತಾಲೂಕಿನ ಸಾವಳಗಿಯ ಶಿವಲಿಂಗೇಶ್ವರರಿಗೂ ಕಲಬುರ್ಗಿಯ ಖ್ವಾಜಾ ಬಂದೇನವಾಜರಿಗೂ ಸ್ನೇಹವಿತ್ತೆಂಬ ಪ್ರತೀತಿ ಜನರಲ್ಲಿ ಇಂದಿಗೂ ಉಳಿದಿದೆ. ಹುಕ್ಕೇರಿ, ಚಿಕ್ಕೋಡಿ ಭಾಗದಲ್ಲಿ ಜೈನ ರೈತ ಸಮುದಾಯ ಗಣನೀಯವಾಗಿದೆ. ಹಳ್ಳಿಹಳ್ಳಿಗಳಲ್ಲಿ ದರ್ಗಾಗಳಿವೆ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಇಲ್ಲಿಂದ ಹೊರಡುವ ಬಂಡಿಗಳ ಸಾಲು ತಲೆಮಾರುಗಳಿಂದ ನಡೆದುಬಂದದ್ದು.

ಶಿಕ್ಷಣದ ದೃಷ್ಟಿಯಿಂದ ಈ ಪ್ರದೇಶದ ಸ್ಥಿತಿ ಬೇರೆಯಾಗಿತ್ತು. ಗೋಕಾಕ ಜಲಪಾತದ ಬಳಿ 1887ರಲ್ಲಿ ಜಲಶಕ್ತಿಯಿಂದ ನಡೆಯುವ ನೂಲಿನ ಗಿರಣಿ ಆರಂಭವಾಗಿ ಕೈಗಾರಿಕೆ ಕಾಲಿಟ್ಟಿತಾದರೂ ಕಾಲೇಜು ಶಿಕ್ಷಣ ದೂರವೇ ಉಳಿಯಿತು. ಮೆಟ್ರಿಕ್ ಮುಗಿಸಿದವರು ಪುಣೆಯ ಫರ್ಗ್ಯುಸನ್ ಕಾಲೇಜಿಗೋ, 1880ರಲ್ಲಿ ಕಾಲೇಜಿನ ಸ್ಥಾನ ಪಡೆದ ಕೊಲ್ಲಾಪುರದ ರಾಜಾರಾಮ ಸಂಸ್ಥೆಗೋ, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೋ ಹೋಗಬೇಕಾಗಿತ್ತು. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ತೆರೆದದ್ದು 1933ರಲ್ಲಿ. ಸಂಕೇಶ್ವರದವರಿಗೆ ಬೆಳಗಾವಿಯೂ ಕೊಲ್ಲಾಪುರವೂ ಹೆಚ್ಚುಕಡಿಮೆ ಒಂದೇ ದೂರ. ಹೀಗಾಗಿ ಈ ಭಾಗದ ವಿದ್ಯಾರ್ಥಿ ಜೀವನದ ಚರಿತ್ರೆಯು ಅನಿವಾರ್ಯವಾಗಿ ಊರು ಬಿಟ್ಟು ಹೋದವರ ಚರಿತ್ರೆಯಾಗುತ್ತದೆ. ಅದನ್ನು ಮೂರು ತಾಲೂಕುಗಳ ಗಡಿಯೊಳಗೆ ಮಾತ್ರ ಹುಡುಕಿದರೆ ದೊರೆಯುವುದಿಲ್ಲ.

ವಸತಿಗೃಹಗಳಿಗಿಂತ ಮೊದಲು ಬಡ ವಿದ್ಯಾರ್ಥಿಯ ಊಟಕ್ಕೆ ಎರಡು ದಾರಿಗಳಿದ್ದವು. ಒಂದು, ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಒದಗುತ್ತಿದ್ದ ವಾರಾನ್ನ: ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಇನ್ನೊಂದು, ಹಳ್ಳಿಯ ಮನೆಯಿಂದ ಬರುವ ರೊಟ್ಟಿಯ ಬುತ್ತಿ. ವಾರಾನ್ನವು ಜಾತಿಯ ಮಿತಿಯೊಳಗಿನ ಔದಾರ್ಯ. ಬುತ್ತಿಯು ಮನೆಯಲ್ಲಿ ಜೋಳ ಇದ್ದಷ್ಟು ದಿನದ ವಿದ್ಯೆ. ಇವೆರಡೂ ಇಲ್ಲದವರಿಗೆ ಪಟ್ಟಣದ ವಿದ್ಯೆ ನಿಲುಕುತ್ತಿರಲಿಲ್ಲ.

ದಾಸೋಹದ ಹೊಸ ರೂಪ

ಈ ಕೊರತೆಯನ್ನು ತುಂಬಲು ಧರ್ಮಸಂಸ್ಥೆಗಳು ತಮ್ಮ ಹಳೆಯ ಪರಿಕಲ್ಪನೆಗಳನ್ನೇ ಹೊಸ ಕಾಲಕ್ಕೆ ಒಗ್ಗಿಸಿದವು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಫಲವನ್ನು ಸಮಾಜಕ್ಕೆ ಸಲ್ಲಿಸುವ ದಾಸೋಹವನ್ನು ಧರ್ಮದ ತಿರುಳೆಂದು ಭಾವಿಸಿದ್ದರು. ಇಪ್ಪತ್ತನೆಯ ಶತಮಾನದ ಮಠಗಳು ಈ ದಾಸೋಹಕ್ಕೆ ವಿದ್ಯಾರ್ಥಿಯನ್ನು ಅತಿಥಿಯನ್ನಾಗಿ ಕರೆದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದ ನಿಲಯವನ್ನು ಕಟ್ಟಿ ಬೆಳೆಸಿದರು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ನಡೆಸಿದ ಪ್ರಸಾದ ನಿಲಯವು ಜಿಲ್ಲೆಯ ಹಳ್ಳಿಗಾಡಿನ ವಿದ್ಯಾರ್ಥಿಗಳಿಗೆ ಆಶ್ರಯವಾಯಿತು; ಸ್ವಾತಂತ್ರ್ಯ ಹೋರಾಟಗಾರರಿಗೂ ಕರ್ನಾಟಕ ಏಕೀಕರಣದ ಕಾರ್ಯಕರ್ತರಿಗೂ ಅದೇ ನೆಲೆ ಒದಗಿಸಿತು.

ಇದಕ್ಕೆ ಸಮಾನಾಂತರವಾಗಿ ಗೃಹಸ್ಥರ ಪ್ರಯತ್ನವೂ ನಡೆಯಿತು. 1906ರಲ್ಲಿ ನಿಧನರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮುದಾಯದ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮುಡಿಪಾಗಿಟ್ಟರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. ಅದನ್ನು ಸ್ಥಾಪಿಸಿದ ಏಳು ಮಂದಿಯನ್ನು ನಾಡು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಆ ತರುಣರು ಕಾಲೇಜಿನಿಂದ ಆಗಷ್ಟೇ ಹೊರಬಂದ ಪದವೀಧರರ ತಲೆಮಾರಿಗೆ ಸೇರಿದವರು. ವಂಟಮುರಿ ಸಂಸ್ಥಾನದ ರಾಜಾ ಲಖಮಗೌಡರಂಥ ದಾನಿಗಳ ನೆರವು ಬೆಳಗಾವಿಯ ಶಿಕ್ಷಣ ಸಂಸ್ಥೆಗಳಿಗೆ ದೊರೆಯಿತು; ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯಕ್ಕೂ ಅವರದೇ ಹೆಸರಿದೆ.

ಜೈನರಲ್ಲಿಯೂ ಇದೇ ಬಗೆಯ ಎಚ್ಚರ ಮೂಡಿತ್ತು. 1899ರಲ್ಲಿ ನಿಪ್ಪಾಣಿಗೆ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ರೂಪುಗೊಂಡ ದಕ್ಷಿಣ ಭಾರತ ಜೈನ ಸಭೆಯು ವಿದ್ಯಾರ್ಥಿ ವಸತಿಗೃಹಗಳನ್ನು ತನ್ನ ಮುಖ್ಯ ಕಾರ್ಯಗಳಲ್ಲಿ ಒಂದಾಗಿ ಕೈಗೊಂಡಿತು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮೊದಲ್ಗೊಂಡು ಮರಾಠ, ಜೈನ, ಮುಸ್ಲಿಂ, ಲಿಂಗಾಯತ ವಸತಿಗೃಹಗಳಿಗೆ ಒಂದೊಂದಾಗಿ ಆಸರೆ ನೀಡಿದರು. 1902ರಲ್ಲಿ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಶೇಕಡಾ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಆ ಅರಸರು, ಹುದ್ದೆಗೆ ಮೊದಲು ವಿದ್ಯೆ, ವಿದ್ಯೆಗೆ ಮೊದಲು ವಸತಿ ಎಂಬ ಕ್ರಮವನ್ನು ಚೆನ್ನಾಗಿ ಅರಿತಿದ್ದರು. ಇವಕ್ಕೂ ಮೊದಲು, 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನರಿ ಸಂಘದವರು 1832ರಲ್ಲಿ ಆರಂಭಿಸಿದ ಶಾಲೆಯು ಇಂಗ್ಲಿಷ್ ಶಿಕ್ಷಣದ ಬಾಗಿಲನ್ನು ತೆರೆದಿತ್ತು.

ಈ ಎಲ್ಲ ಪ್ರಯತ್ನಗಳ ಹಿಂದೆ ಒಂದು ನ್ಯಾಯದೃಷ್ಟಿ ಇದ್ದುದು ನಿಜ. ವಿದ್ಯೆ ಒಂದೇ ವರ್ಗದ ಸೊತ್ತಾಗಿದ್ದ ಕಾಲದಲ್ಲಿ ಒಕ್ಕಲು ಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದ್ದು ಸಣ್ಣ ಸಾಧನೆಯಲ್ಲ. 1899ರಲ್ಲಿ ಗೋಕಾಕ ತಾಲೂಕಿನ ಮಾಮದಾಪುರದಲ್ಲಿ ಜನಿಸಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿದರು ಎಂಬುದನ್ನು ನೆನೆದರೆ ಈ ಹಳ್ಳಿಗಳು ಒಂದು ತಲೆಮಾರಿನಲ್ಲಿ ಕ್ರಮಿಸಿದ ದೂರ ಅರಿವಾಗುತ್ತದೆ. ಆದರೆ ಪ್ರತಿಯೊಂದು ವಸತಿಗೃಹವೂ ಒಂದು ಸಮುದಾಯದ ಹೆಸರನ್ನು ಹೊತ್ತಿತ್ತು. ಹೆಸರೇ ಅದರ ಬಲ. ಹೆಸರೇ ಅದರ ಗೆರೆ. ದಾನಿಗಳು ಕೊಟ್ಟದ್ದು ತಮ್ಮವರ ಮಕ್ಕಳಿಗೆಂದು. ಊರ ಹೊರಗಿನ ಕೇರಿಯಿಂದ ಬಂದ ಹುಡುಗ 'ತಮ್ಮವರ' ಮಕ್ಕಳಲ್ಲಿ ಸೇರುತ್ತಿದ್ದನೆ? ಈ ಪ್ರಶ್ನೆಯನ್ನು ಎತ್ತಿದವರಲ್ಲಿ ವಿದ್ಯಾರ್ಥಿಗಳೇ ಮೊದಲಿಗರಾಗಿದ್ದುದು ಗಮನಾರ್ಹ.

ಗೆರೆ ದಾಟಿದವರು

1908ರಲ್ಲಿ ಕೊಲ್ಲಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಹೆಸರಿನ ವಸತಿಗೃಹ ಆರಂಭವಾಯಿತು. ಆ ಸಮಾರಂಭಕ್ಕೆ ಹೋಗಿ ಬಂದವರಲ್ಲಿ ಜೈನ ಬೋರ್ಡಿಂಗಿನ ವಿದ್ಯಾರ್ಥಿ ಭಾವೂರಾವ್ ಪಾಟೀಲರೂ ಒಬ್ಬರು. ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಇವರ ಪೂರ್ವಜರು ಮೂಡುಬಿದಿರೆಯ ಕಡೆಯಿಂದ ಬಂದವರೆಂದು ಹೇಳಲಾಗಿದೆ. ಸಮಾರಂಭದಿಂದ ಮರಳಿದ ಹುಡುಗ ಸ್ನಾನ ಮಾಡಿ ಶುದ್ಧನಾಗದೆ ಊಟದ ಮನೆಗೆ ಬರಕೂಡದೆಂದು ಬೋರ್ಡಿಂಗಿನ ಹೊಣೆ ಹೊತ್ತಿದ್ದ ಅಣ್ಣಾಸಾಹೇಬ ಲಠ್ಠೆಯವರು ವಿಧಿಸಿದರು. ಭಾವೂರಾವ್ ಒಪ್ಪಲಿಲ್ಲ. ಕೊನೆಗೆ ಅವರು ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ.

ಈ ಪ್ರಸಂಗದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಲಠ್ಠೆಯವರು ಹಳೆಯ ಕಾಲದ ಕರ್ಮಠರಲ್ಲ. ಬ್ರಾಹ್ಮಣೇತರ ಚಳವಳಿಯ ಪ್ರಮುಖರು, ಶಾಹು ಮಹಾರಾಜರ ಜೀವನಚರಿತ್ರೆ ಬರೆದವರು, ಮುಂದೆ 1937ರ ಮುಂಬಯಿ ಸಚಿವ ಸಂಪುಟದಲ್ಲಿ ಹಣಕಾಸಿನ ಖಾತೆ ನಿರ್ವಹಿಸಿದವರು. ತನ್ನ ಸಮುದಾಯದ ಮಕ್ಕಳಿಗೆ ನ್ಯಾಯ ದೊರಕಿಸಲು ದುಡಿದ ಸುಧಾರಕರೇ ಊಟದ ಮನೆಯ ಬಾಗಿಲಲ್ಲಿ ನಿಂತು ತಡೆಯಬೇಕಾದದ್ದು ಆ ಕಾಲದ ಸುಧಾರಣೆಯ ಮಿತಿಯನ್ನು ತೋರಿಸುತ್ತದೆ. ಎರಡನೆಯದಾಗಿ, ಭಾವೂರಾಯರು ಆ ದಿನದ ಅಪಮಾನವನ್ನು ವೈಯಕ್ತಿಕ ಹಗೆಯಾಗಿ ಉಳಿಸಿಕೊಳ್ಳದೆ ಒಂದು ಸಂಸ್ಥೆಯ ಬೀಜವನ್ನಾಗಿಸಿಕೊಂಡರು. 1919ರಲ್ಲಿ ಅವರು ಸ್ಥಾಪಿಸಿದ ರಯತ ಶಿಕ್ಷಣ ಸಂಸ್ಥೆಯ ವಸತಿಗೃಹಗಳಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳು ಒಟ್ಟಿಗೆ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಂಡರು. ಸಾತಾರೆಯ ಈ ವಸತಿಗೃಹಕ್ಕೆ 1927ರಲ್ಲಿ ಗಾಂಧೀಜಿ ಭೇಟಿಯಿತ್ತರು. ಹೊಲದ ದುಡಿಮೆಯಿಂದ ವಿದ್ಯೆ ಗಳಿಸುವ ಪದ್ಧತಿಯೂ ಅಲ್ಲಿ ಬೆಳೆಯಿತು. ಅಹಿಂಸೆ ಮತ್ತು ಅಪರಿಗ್ರಹಗಳನ್ನು ಜೈನಧರ್ಮದ ಸಾರವೆಂದು ತಿಳಿದವರಿಗೆ ಬೋರ್ಡಿಂಗಿನ ನಿಯಮಕ್ಕಿಂತ ಅದನ್ನು ಮುರಿದ ವಿದ್ಯಾರ್ಥಿಯೇ ಧರ್ಮಕ್ಕೆ ಹೆಚ್ಚು ಸಮೀಪದಲ್ಲಿ ಕಾಣುತ್ತಾನೆ.

ಇನ್ನೊಂದು ನಿದರ್ಶನ ಮೂಡಲಗಿಯ ಪೂರ್ವಕ್ಕಿರುವ ಜಮಖಂಡಿಯದು. 1873ರಲ್ಲಿ ಅಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು ಭಾಗವತ ಭಕ್ತಿಯ ಮನೆತನದವರು. ಫರ್ಗ್ಯುಸನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಪ್ರಾರ್ಥನಾ ಸಮಾಜದ ಪ್ರಭಾವಕ್ಕೆ ಒಳಗಾದ ಅವರು 1901ರಿಂದ 1903ರವರೆಗೆ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ತೌಲನಿಕ ಧರ್ಮಾಧ್ಯಯನ ನಡೆಸಿದರು. ಧರ್ಮವನ್ನು ಓದಿ ಮರಳಿದ ತರುಣನು ಪ್ರವಚನಕಾರನಾಗುವುದು ಸಹಜವಾಗಿತ್ತು. ಶಿಂದೆಯವರು 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ನಿರಾಶ್ರಿತ ವರ್ಗಗಳ ಮಿಷನ್ನನ್ನು ಸ್ಥಾಪಿಸಿ, ಅಸ್ಪೃಶ್ಯರ ಕೇರಿಗಳಲ್ಲಿ ಶಾಲೆ ಮತ್ತು ವಸತಿಗೃಹಗಳನ್ನು ನಡೆಸುವ ಕೆಲಸಕ್ಕೆ ತೊಡಗಿದರು. ಅವರ ಸಹೋದರಿ ಜನಾಬಾಯಿಯೂ ಈ ಕಾರ್ಯದಲ್ಲಿ ಜೊತೆಯಾದರು. ಮಿಷನ್ನಿನ ಕೆಲಸ ಹುಬ್ಬಳ್ಳಿಯವರೆಗೂ ಹಬ್ಬಿತು. 1917ರ ಕಲಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯತೆಯ ವಿರುದ್ಧ ಗೊತ್ತುವಳಿ ಬರುವುದರ ಹಿಂದೆ ಶಿಂದೆಯವರ ಪ್ರಯತ್ನ ಮುಖ್ಯವಾಗಿತ್ತು.

ಹೊರಗುಳಿದವರು ಕಟ್ಟಿದ ಮನೆ

ಒಳಗಿನವರು ಗೆರೆ ದಾಟಿದ ಕಥನವಷ್ಟೇ ಈ ಚರಿತ್ರೆಯಾದರೆ ಅದು ಅಪೂರ್ಣ. ಹೊರಗೆ ಉಳಿದವರು ಬೇರೆಯವರ ಔದಾರ್ಯಕ್ಕಾಗಿ ಕಾಯದೆ ತಮ್ಮ ನೆಲೆಯನ್ನು ತಾವೇ ಕಟ್ಟಿಕೊಂಡರು. 1925ರ ಏಪ್ರಿಲ್‌ನಲ್ಲಿ, ಅಂದು ಚಿಕ್ಕೋಡಿ ತಾಲೂಕಿಗೆ ಸೇರಿದ್ದ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತೀಯ ಪರಿಷತ್ತು ಡಾ. ಬಿ.ಆರ್. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸೇರಿತು. ಹುಕ್ಕೇರಿ, ಸಂಕೇಶ್ವರಗಳಿಗೆ ನಿಪ್ಪಾಣಿ ಹತ್ತಿರದ ಪೇಟೆ. 1928ರಲ್ಲಿ ಅಂಬೇಡ್ಕರರು ಶಿಕ್ಷಣ ಸಂಸ್ಥೆಯೊಂದನ್ನು ಕಟ್ಟಿ ಮುಂಬಯಿ ಪ್ರಾಂತದ ಹಲವೆಡೆ ವಸತಿಗೃಹಗಳಿಗೆ ಯತ್ನಿಸಿದರು. ಅವುಗಳಲ್ಲಿ ಒಂದು ಧಾರವಾಡದ್ದು. ಅದರ ಮೇಲ್ವಿಚಾರಣೆಯನ್ನು ಬಳವಂತ ಹನುಮಂತ ವರಾಳೆಯವರು ದೀರ್ಘಕಾಲ ನಿರ್ವಹಿಸಿದರು.

ಮುರುಘಾಮಠದ ಪ್ರಸಾದ ನಿಲಯ ಮತ್ತು ಅಂಬೇಡ್ಕರರ ವಸತಿಗೃಹ ಎರಡೂ ಒಂದೇ ಧಾರವಾಡದಲ್ಲಿ, ಒಂದೇ ಕಾಲದಲ್ಲಿ ನಡೆದವು. ಮೊದಲನೆಯದು ಭಕ್ತರ ಕಾಣಿಕೆಯಿಂದ ನಡೆದರೆ, ಎರಡನೆಯದು ಹಕ್ಕಿನ ಅರಿವಿನಿಂದ ನಡೆಯಿತು. ಮೊದಲನೆಯದರಲ್ಲಿ ಅನ್ನವು ಪ್ರಸಾದ. ಎರಡನೆಯದರಲ್ಲಿ ಅದು ಪಾಲು. ಇವೆರಡನ್ನು ವಿರೋಧಿಗಳೆಂದು ತಿಳಿಯಬೇಕಾಗಿಲ್ಲ. ಆದರೆ ಎಲ್ಲರನ್ನೂ ಸಮಾನರೆಂದು ಸಾರಿದ ಶರಣಧರ್ಮದ ನಾಡಿನಲ್ಲಿಯೇ ಎರಡನೆಯ ವಸತಿಗೃಹದ ಅಗತ್ಯ ಬಿದ್ದಿತೆಂಬುದು ಮೊದಲನೆಯದರ ಚರಿತ್ರೆ ಬರೆಯುವವರು ಮರೆಯಬಾರದ ಸಂಗತಿ. ಅಂಬೇಡ್ಕರರು 1956ರಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದಾಗ, ನ್ಯಾಯದ ಬೇಡಿಕೆಯು ಧರ್ಮವನ್ನು ತೊರೆಯದೆ ಧರ್ಮವನ್ನೇ ಹೊಸದಾಗಿ ಆಯ್ದುಕೊಂಡಿತು. ಈ ಗಡಿಭಾಗದ ದಲಿತ ವಿದ್ಯಾರ್ಥಿಗಳ ಮುಂದಿನ ಪೀಳಿಗೆಗಳಿಗೆ ಬುದ್ಧ ವಿಹಾರವೂ ವಾಚನಾಲಯವೂ ಒಟ್ಟಿಗೆ ದೊರೆತದ್ದು ಈ ಹಿನ್ನೆಲೆಯಲ್ಲಿ.

ಸ್ವಯಂಸೇವಕರ ತಲೆಮಾರು

1924ರ ಡಿಸೆಂಬರ್ 26 ಮತ್ತು 27ರಂದು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನವು ಈ ಭಾಗದ ವಿದ್ಯಾರ್ಥಿಗಳಿಗೆ ಬೇರೊಂದು ಬಗೆಯ ಪಾಠಶಾಲೆಯಾಯಿತು. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಅದರ ಬೆನ್ನೆಲುಬಾಗಿದ್ದರು. ಡಾ. ನಾ.ಸು. ಹರ್ಡೀಕರರು ಹಿಂದಿನ ವರ್ಷ ಕಾಕಿನಾಡದಲ್ಲಿ ರೂಪಿಸಿದ್ದ ಹಿಂದುಸ್ತಾನಿ ಸೇವಾದಳದ ತರುಣರು ಶಿಸ್ತಿನ ಹೊಣೆ ಹೊತ್ತರು. ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವೆಗೆ ಕರೆತಂದರು. ಶೌಚಾಲಯಗಳ ಶುದ್ಧಿಯಂಥ ಕೆಲಸವನ್ನು ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ಮೇಲ್ಜಾತಿಯ ಸ್ವಯಂಸೇವಕರು ಕೈಗೆತ್ತಿಕೊಂಡರು. ಅದೇ ಸಂದರ್ಭದಲ್ಲಿ ಅಸ್ಪೃಶ್ಯತಾ ನಿವಾರಣ ಪರಿಷತ್ತೂ ಸೇರಿತ್ತು. ಗಾಂಧೀಜಿಯವರ ದೃಷ್ಟಿಯಲ್ಲಿ ಅಸ್ಪೃಶ್ಯತೆ ಹಿಂದೂಧರ್ಮದ ಕಳಂಕ. ಅದರ ನಿವಾರಣೆ ರಾಜಕೀಯಕ್ಕಿಂತ ಮೊದಲು ಪ್ರಾಯಶ್ಚಿತ್ತ. ಕಸಬರಿಗೆ ಹಿಡಿದ ವಿದ್ಯಾರ್ಥಿಗೆ ಅದು ಧರ್ಮಾಚರಣೆಯೇ ಆಗಿತ್ತು.

ಈ ಅಧಿವೇಶನದಲ್ಲಿಯೂ ಪಂಕ್ತಿಯ ಪ್ರಶ್ನೆ ತಲೆದೋರದೆ ಇರಲಿಲ್ಲ. ಹನ್ನೊಂದು ವರ್ಷದ ಬಾಲಕಿ ಗಂಗೂಬಾಯಿ ಹಾನಗಲ್ಲರು ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಒಬ್ಬರು. ಊಟದ ಹೊತ್ತಿಗೆ ತಮ್ಮನ್ನು ಬೇರೆ ಕೂರಿಸುವರೇನೋ ಎಂಬ ಅಳುಕು ಅಂದು ತಮ್ಮನ್ನು ಕಾಡಿತ್ತೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ. ವೇದಿಕೆಯ ಮೇಲಿನ ಗೊತ್ತುವಳಿ ಮತ್ತು ಎಲೆಯ ಮುಂದಿನ ಅಳುಕು ಇವೆರಡರ ನಡುವಿನ ಅಂತರವನ್ನು ಈ ನೆನಪು ಯಾವ ವರದಿಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಹರ್ಡೀಕರರ ಕಾರ್ಯದ ಮುಂದಿನ ನೆಲೆ ಗೋಕಾಕ ತಾಲೂಕಿನ ಘಟಪ್ರಭಾ. ಅಲ್ಲಿ 1929ರಲ್ಲಿ ಸ್ಥಾಪನೆಯಾದ ಕರ್ನಾಟಕ ಆರೋಗ್ಯಧಾಮವು ವೈದ್ಯಕೀಯ ಸೇವೆಗೆ ಹೆಸರಾಯಿತು. ಸೇವಾದಳದ ಶಿಬಿರಗಳ ಮೂಲಕ ಘಟಪ್ರಭಾ ತರುಣರ ಶಿಕ್ಷಣದ ತಾಣವೂ ಆಯಿತು. 1934ರ ಮಾರ್ಚ್‌ನಲ್ಲಿ ಗಾಂಧೀಜಿಯವರ ಹರಿಜನ ಯಾತ್ರೆ ಬೆಳಗಾವಿ ಜಿಲ್ಲೆಗೆ ಬಂದಿತು. 1937ರ ಏಪ್ರಿಲ್‌ನಲ್ಲಿ ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಸೇರಿತು. ಹೀಗೆ ಒಂದೂವರೆ ದಶಕದ ಅವಧಿಯಲ್ಲಿ ಈ ಭಾಗದ ವಿದ್ಯಾರ್ಥಿಗೆ ಮಠ, ಅಂಬೇಡ್ಕರ್, ಗಾಂಧಿ ಎಂಬ ಮೂರು ದಾರಿಗಳು ಕಣ್ಣಮುಂದೆ ತೆರೆದುಕೊಂಡವು.

ಇಬ್ಬರು ಲೇಖಕರ ಸಾಕ್ಷ್ಯ

ಮಠದ ಆಶ್ರಯವು ವಿದ್ಯಾರ್ಥಿಯ ಮನಸ್ಸಿನ ಮೇಲೆ ಬೀರಿದ ಪರಿಣಾಮವನ್ನು ಅರಿಯಲು ಈ ನೆಲದ ಇಬ್ಬರು ಲೇಖಕರ ಬದುಕು ನೆರವಾಗುತ್ತದೆ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರು 1942ರ ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡವರು. ಅವರ 'ಜರತಾರಿ ಜಗದ್ಗುರು' ಕಾದಂಬರಿಯು ಮಠಾಧಿಪತ್ಯದ ವೈಭವವನ್ನು ತೀವ್ರ ವಿಮರ್ಶೆಗೆ ಗುರಿಪಡಿಸಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಪ್ರೌಢಶಾಲೆ ಓದುತ್ತಿದ್ದಾಗ ಬಡತನದಿಂದ ಶಾಲೆ ಬಿಡಬೇಕಾಯಿತು. ಆಗ ಅವರ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಮುಂದೆ ಲಿಂಗರಾಜ ಕಾಲೇಜಿನಲ್ಲಿಯೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಓದಿದ ಕಂಬಾರರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು.

ಒಬ್ಬರು ಮಠವನ್ನು ಪ್ರಶ್ನಿಸಿದರು, ಇನ್ನೊಬ್ಬರನ್ನು ಮಠ ಕೈಹಿಡಿಯಿತು ಎಂದು ಇಬ್ಬರನ್ನೂ ಎದುರುಬದುರು ನಿಲ್ಲಿಸುವುದು ಸುಲಭ. ಆದರೆ ಹತ್ತಾರು ಕಿಲೋಮೀಟರು ಅಂತರದ ಎರಡು ಹಳ್ಳಿಗಳ ಈ ಇಬ್ಬರೂ ಒಂದೇ ಸತ್ಯದ ಎರಡು ಮುಖಗಳನ್ನು ಕಂಡರು. ಕಮ್ಮಾರ ಕಾಯಕದ ಮನೆಯ ಹುಡುಗನ ಓದು ನಿಲ್ಲದಂತೆ ನೋಡಿಕೊಂಡ ಮಠವೂ, ಜರತಾರಿಯ ಆಡಂಬರದಲ್ಲಿ ಕಾಯಕವನ್ನು ಮರೆತ ಮಠವೂ ಒಂದೇ ಪರಂಪರೆಯಿಂದ ಬಂದವು. ಧರ್ಮವನ್ನು ಅದರ ಮೂಲ ಮಾತಿನಿಂದಲೇ ಅಳೆಯುವ ವಿಮರ್ಶೆಯೂ ಒಂದು ಬಗೆಯ ಶ್ರದ್ಧೆಯೇ ಎಂಬುದನ್ನು ಶರಣರ ಪರಂಪರೆ ಬಲ್ಲದು.

ಸ್ವಾತಂತ್ರ್ಯಾನಂತರದ ತಿರುವು

ಸ್ವಾತಂತ್ರ್ಯದ ಅನಂತರ ಕಾಲೇಜುಗಳು ತಾಲೂಕು ಕೇಂದ್ರಗಳಿಗೇ ಬಂದವು. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳು ಅನ್ನದ ಪ್ರಶ್ನೆಯನ್ನು ದಾನದಿಂದ ಹಕ್ಕಿನ ಕಡೆಗೆ ಸರಿಸಿದವು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಹಿಂದೆ ಸೇವಾದಳ ಮಾಡುತ್ತಿದ್ದ ಕೆಲಸದ ಒಂದಂಶವನ್ನು ಕಾಲೇಜಿನ ಪಠ್ಯೇತರ ಚಟುವಟಿಕೆಯನ್ನಾಗಿಸಿತು. ಆದರೂ ವಿದ್ಯಾರ್ಥಿನಿಲಯವು ಜಾತಿಯ ಕಹಿಯಿಂದ ಮುಕ್ತವಾಗಲಿಲ್ಲ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಮಾತಿನಿಂದ ಎದ್ದ ಬೂಸಾ ವಿವಾದದಲ್ಲಿ ರಾಜ್ಯದ ಹಲವೆಡೆ ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಗುರಿಯಾದರು. ಆ ಅನುಭವವು ದಲಿತ ಚಳವಳಿಯ ಹುಟ್ಟಿಗೆ ಒಂದು ಕಾರಣವಾಯಿತು.

ಮೂರು ತಾಲೂಕುಗಳ ಮಟ್ಟಿಗೆ ಧರ್ಮ ಮತ್ತು ನ್ಯಾಯದ ಸಂಬಂಧವು ಅತ್ಯಂತ ತೀಕ್ಷ್ಣವಾಗಿ ಎದುರಾದದ್ದು ದೇವದಾಸಿ ಪದ್ಧತಿಯಲ್ಲಿ. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಬಾಲಕಿಯರಲ್ಲಿ ಬಹುಪಾಲು ದಲಿತ ಕುಟುಂಬಗಳವರು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೂ ಕರ್ನಾಟಕದಲ್ಲಿ 1982ರಲ್ಲಿಯೂ ಈ ಪದ್ಧತಿಯ ವಿರುದ್ಧ ಶಾಸನಗಳಾದವು. ಶಾಸನದಿಂದ ಮಾತ್ರ ಪದ್ಧತಿ ಅಳಿಯಲಿಲ್ಲ. ದಾನದ ಅನ್ನಕ್ಕೂ ಹಕ್ಕಿನ ಅನ್ನಕ್ಕೂ ಇರುವ ಅಂತರ ಇಲ್ಲಿ ಮತ್ತೆ ಕಾಣಿಸಿಕೊಂಡಿತು. 1990ರ ದಶಕದಲ್ಲಿ ಸರಕಾರದ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆಯ ಯೋಜನೆಯಿಂದ ಒಗ್ಗೂಡಿದ ಮಾಜಿ ದೇವದಾಸಿಯರು 1997ರಲ್ಲಿ ಘಟಪ್ರಭಾದಲ್ಲಿ ತಮ್ಮದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು. ಹೊಸ ಮುತ್ತು ಕಟ್ಟುವಿಕೆಯನ್ನು ತಡೆಯುವುದು, ಸ್ವಸಹಾಯ ಗುಂಪುಗಳನ್ನು ರಚಿಸುವುದು, ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದು ಇವು ಅದರ ಕೆಲಸಗಳಾದವು. ಈ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಇದು ಕಾಲೇಜು ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆಯಲ್ಲ. ಶಾಲೆಯ ಮುಖ ಕಾಣದ ಅನೇಕ ತಾಯಂದಿರು ಕಟ್ಟಿದ್ದು. ಆದರೆ ವಿದ್ಯಾರ್ಥಿ ಚರಿತ್ರೆಗೆ ಅದರ ಸಂಬಂಧ ನೇರವಾಗಿದೆ. ತಂದೆಯ ಹೆಸರಿನ ಅಂಕಣದ ಮುಂದೆ ಲೇಖನಿ ನಿಂತುಬಿಡುತ್ತಿದ್ದ ಮಕ್ಕಳು ಶಾಲೆ ದಾಟಿ ಕಾಲೇಜಿಗೆ ಬರುವುದೇ ಒಂದು ನ್ಯಾಯದ ಹೋರಾಟ. ಒಂದು ಶತಮಾನದ ಹಿಂದೆ ವಸತಿಗೃಹಗಳ ಪಂಕ್ತಿಗೆ ಎಂದೂ ಕರೆ ಬರದಿದ್ದವರು ಇವರ ಹಿರಿಯರು; ಅದರಲ್ಲಿಯೂ ಹೆಣ್ಣುಮಕ್ಕಳು. ಆ ಕಾಲದ ಪ್ರಸಾದ ನಿಲಯಗಳೂ ಬೋರ್ಡಿಂಗುಗಳೂ ಬಹುತೇಕ ಗಂಡುಮಕ್ಕಳಿಗಾಗಿಯೇ ಇದ್ದವೆಂಬುದು ಗೆರೆಯ ಇನ್ನೊಂದು ಮಗ್ಗುಲು. ದೇವಿಯ ಮೇಲಿನ ಭಕ್ತಿ ಬೇರೆ, ದೇವಿಯ ಹೆಸರಿನಲ್ಲಿ ನಡೆಯುವ ಶೋಷಣೆ ಬೇರೆ ಎಂಬ ವಿವೇಕವನ್ನು ಈ ತಾಯಂದಿರ ಹೋರಾಟ ಕಲಿಸಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗೋಕಾಕ, ಹುಕ್ಕೇರಿ ಮತ್ತು ಹಿಂದೆ ಗೋಕಾಕದ ಭಾಗವಾಗಿದ್ದು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕಾದ ಮೂಡಲಗಿ ಪರಿಸರದ ವಿದ್ಯಾರ್ಥಿಗಳಿಗೆ ಕಾಲೇಜಿನ ದಾರಿ ತೆರೆದದ್ದು ಬಹುಮಟ್ಟಿಗೆ ಧರ್ಮಶ್ರದ್ಧೆ. ಆ ಶ್ರದ್ಧೆಯನ್ನು ಕಡೆಗಣಿಸಿ ಇಲ್ಲಿಯ ಶಿಕ್ಷಣದ ಚರಿತ್ರೆ ಬರೆಯಲಾಗದು. ಆದರೆ ಅದೇ ಶ್ರದ್ಧೆಯು ಸಮುದಾಯದ ಗೆರೆಯನ್ನೂ ಎಳೆಯಿತು. ಧರ್ಮವು ನ್ಯಾಯಕ್ಕೆ ಪ್ರೇರಣೆಯಾದದ್ದು ಅನ್ನ ನೀಡಿದಾಗ ಮಾತ್ರವಲ್ಲ, ಯಾರಾದರೊಬ್ಬ ವಿದ್ಯಾರ್ಥಿ ಆ ಗೆರೆಯ ಬಳಿ ನಿಂತು ಕಾರಣ ಕೇಳಿದಾಗ. ಬೋರ್ಡಿಂಗು ತೊರೆದ ಭಾವೂರಾವ್, ಧರ್ಮಶಾಸ್ತ್ರ ಓದಿ ಕೇರಿಗೆ ನಡೆದ ಶಿಂದೆ, ಬೆಳಗಾವಿಯಲ್ಲಿ ಕಸಬರಿಗೆ ಹಿಡಿದ ಸ್ವಯಂಸೇವಕರು, ತಮ್ಮ ಮನೆಯನ್ನು ತಾವೇ ಕಟ್ಟಿಕೊಂಡ ಅಂಬೇಡ್ಕರ್ ವಸತಿಗೃಹದವರು ಬೇರೆ ಬೇರೆ ದಾರಿಯವರಾದರೂ ಈ ಒಂದು ಬಿಂದುವಿನಲ್ಲಿ ಕೂಡುತ್ತಾರೆ.

ಇಂದು ವಸತಿನಿಲಯಗಳ ಸಂಖ್ಯೆ ಹೆಚ್ಚಿದೆ. ಅನೇಕ ಪ್ರಸಾದ ನಿಲಯಗಳು ಎಲ್ಲ ಜಾತಿಯ ವಿದ್ಯಾರ್ಥಿಗಳಿಗೆ ತೆರೆದುಕೊಂಡಿವೆ. ಅವುಗಳ ಶತಮಾನೋತ್ಸವಗಳೂ ಸಂಸ್ಮರಣ ಸಂಪುಟಗಳೂ ಬರುತ್ತಿವೆ. ಅಂಥ ಪ್ರತಿಯೊಂದು ಸಂಪುಟದಲ್ಲಿ ಉಂಡು ಓದಿ ದೊಡ್ಡವರಾದವರ ಪಟ್ಟಿಯ ಜೊತೆಗೆ, ಬಾಗಿಲವರೆಗೆ ಬಂದು ಮರಳಿದವರ ಮತ್ತು ಅವರಿಗಾಗಿ ಪಂಕ್ತಿಯಿಂದ ಎದ್ದವರ ನೆನಪೂ ಸೇರಬೇಕು. ಹಳೆಯ ಪ್ರವೇಶ ಪುಸ್ತಕಗಳು, ದಿನಚರಿ, ಭಿಕ್ಷೆಯ ಲೆಕ್ಕಪತ್ರಗಳು ಗೆದ್ದಲು ಹಿಡಿಯುವ ಮುನ್ನ ಅವನ್ನು ಸಂಗ್ರಹಿಸಿ ಓದುವ ಕೆಲಸವನ್ನು ಈ ಭಾಗದ ಕಾಲೇಜುಗಳ ವಿದ್ಯಾರ್ಥಿಗಳೇ ಕೈಗೊಳ್ಳಬಹುದು. ತಮ್ಮ ಹಿರಿಯರು ಕುಳಿತ ಪಂಕ್ತಿಯ ಚರಿತ್ರೆಯನ್ನು ಅವರೇ ಬರೆದರೆ ಅದು ದಾಸೋಹಕ್ಕೆ ಸಲ್ಲುವ ಸೇವೆಯಾಗುವುದರೊಂದಿಗೆ ನ್ಯಾಯಕ್ಕೆ ಸಲ್ಲುವ ಸಾಕ್ಷ್ಯವೂ ಆಗುತ್ತದೆ.